ಯೋಗವೋ, ಪಿಲಾಟಿಸೋ? ಗರಡಿಯ ನಾಡಿನಲ್ಲೊಂದು ಹೊಸ ಪ್ರಶ್ನೆ

ಬೆಳಗಿನ ಐದೂವರೆಗೆ ಗದಗದಿಂದ ಮುಂಡರಗಿಯತ್ತ ಸಾಗುವ ರಸ್ತೆಯಲ್ಲಿ ನಿಂತರೆ ವ್ಯಾಯಾಮದ ಹಲವು ಬಗೆಗಳು ಕಣ್ಣಿಗೆ ಬೀಳುತ್ತವೆ. ಸಕ್ಕರೆ ಕಾಯಿಲೆಗೆ ಹೆದರಿ ನಡೆಯುವ ಹಿರಿಯರು, ಪೊಲೀಸ್ ಇಲ್ಲವೆ ಸೇನೆಯ ನೇಮಕಾತಿಗೆಂದು ಓಡುವ ಹುಡುಗರು, ಬೆನ್ನು ಬಾಗಿಸಿ ಸೈಕಲ್ ತುಳಿಯುವ ಪಟುಗಳು. ಅದೇ ಹೊತ್ತಿಗೆ ಇನ್ನಷ್ಟು ಮಂದಿ ಊರೊಳಗಿನ ಜಿಮ್‌ಗಳಲ್ಲಿ ಭಾರ ಎತ್ತುತ್ತಿರುತ್ತಾರೆ. ಇಷ್ಟೆಲ್ಲ ಮಾಡಿದರೂ ಕೆಲ ತಿಂಗಳಲ್ಲಿ ಹಲವರಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಮೊಣಕಾಲು ಮಾತಾಡತೊಡಗುತ್ತದೆ. ಆಗ ಯಾರಾದರೊಬ್ಬರು ‘ಜೊತೆಗೆ ಯೋಗ ಮಾಡ್ರಿ’ ಎನ್ನುತ್ತಾರೆ. ಮೊಬೈಲಿನಲ್ಲಿ ವಿಡಿಯೊ ನೋಡುವ ಮಗಳು ‘ಪಿಲಾಟಿಸ್ ಮಾಡಪ್ಪಾ’ ಎನ್ನುತ್ತಾಳೆ.

ಈ ಎರಡು ಸಲಹೆಗಳ ನಡುವೆ ಬಹಳ ಬೇಗ ಒಂದು ಜಗಳ ಹುಟ್ಟಿಕೊಳ್ಳುತ್ತದೆ. ಒಂದು ನಮ್ಮದು, ಸಾವಿರಾರು ವರ್ಷ ಹಳೆಯದು. ಇನ್ನೊಂದು ಪರದೇಶದ್ದು, ಶ್ರೀಮಂತರ ಶೋಕಿ. ಇತಿಹಾಸ ಮಾತ್ರ ಅಷ್ಟು ಸರಳವಾಗಿಲ್ಲ. ಅದರ ಒಂದು ಎಳೆ ಈ ಜಿಲ್ಲೆಯ ಲಕ್ಷ್ಮೇಶ್ವರದ ಹಳೆಯ ಒಡೆಯರ ಮನೆಗೇ ಹೋಗಿ ಮುಟ್ಟುತ್ತದೆ.

ಸ್ವಾತಂತ್ರ್ಯಪೂರ್ವದಲ್ಲಿ ಗದಗ ಮತ್ತು ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜದ ಹಿರಿಯ ಸಂಸ್ಥಾನಕ್ಕೂ ಸೇರಿದ್ದವು. ಮಿರಜದ ಪಟವರ್ಧನ ಅರಸರಿಗೆ ಸೂರ್ಯನಮಸ್ಕಾರದ ಅಭ್ಯಾಸವಿತ್ತು. ಅವರ ನೆರೆಯ ಔಂಧ್ ಸಂಸ್ಥಾನದ ಭವಾನರಾವ್ ಪಂತ ಪ್ರತಿನಿಧಿ ಅವರಿಗೆ ಬೇರೆಯದೇ ಗೀಳು. ಯೂಜಿನ್ ಸ್ಯಾಂಡೋ ಎಂಬ ಯುರೋಪಿನ ದೇಹದಾರ್ಢ್ಯ ಪಟುವಿನ ಹೆಸರು ಆಗ ಜಗತ್ತಿನಲ್ಲೆಲ್ಲ ಮೊಳಗುತ್ತಿತ್ತು. 1904–05ರಲ್ಲಿ ಆತ ಭಾರತಕ್ಕೂ ಬಂದು ಹೋದ. ಭವಾನರಾಯರು ಸ್ಯಾಂಡೋನ ಸಲಕರಣೆಗಳನ್ನು ತರಿಸಿಕೊಂಡು ಸುಮಾರು 10 ವರ್ಷ ಅವನ ಪದ್ಧತಿಯಂತೆಯೇ ಸಾಧನೆ ಮಾಡಿದರು. ಕೊನೆಗೆ 1908ರ ಹೊತ್ತಿಗೆ ಮಿರಜದ ಅರಸರನ್ನು ನೋಡಿ ಸೂರ್ಯನಮಸ್ಕಾರಕ್ಕೆ ತಿರುಗಿದರು. ಮುಂದೆ ತಮ್ಮ ಸಂಸ್ಥಾನದ ಶಾಲೆಗಳಲ್ಲಿ ಅದನ್ನು ಜಾರಿಗೆ ತಂದರು, 1928ರಲ್ಲಿ ಅದರ ಮೇಲೆ ಇಂಗ್ಲಿಷ್ ಪುಸ್ತಕ ಬರೆದರು. ಇಂದು ಯೋಗ ಎಂದೊಡನೆ ಮೊದಲು ನೆನಪಾಗುವ ಸೂರ್ಯನಮಸ್ಕಾರ ಆ ದಿನಗಳಲ್ಲಿ ಯೋಗಕ್ಕಿಂತ ಹೆಚ್ಚಾಗಿ ಅಂಗಸಾಧನೆಯೆಂದೇ ಪ್ರಚಾರವಾಯಿತು ಎಂಬುದು ಗಮನಿಸಬೇಕಾದ ಸಂಗತಿ.

ಅತ್ತ ಮೈಸೂರಿನಲ್ಲೂ ಇಂಥದೇ ಬೆರಕೆ ನಡೆದಿತ್ತು. 1933ರಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭಿಸಿದರು. ಅವರ ‘ಯೋಗ ಮಕರಂದ’ 1934ರಲ್ಲಿ ಮೊದಲು ಹೊರಬಂದದ್ದು ಕನ್ನಡದಲ್ಲಿಯೇ. ಅದೇ ಅರಮನೆಯ ಆವರಣದಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆಯ ಶಾಖೆಯೂ ಇತ್ತು. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳ ಅಯ್ಯರ್ ಅವರೇ ಇವರು. ಭಾರ ಎತ್ತುವುದರ ಜೊತೆಗೆ ಹಠಯೋಗದ ಆಸನಗಳನ್ನೂ ಸೂರ್ಯನಮಸ್ಕಾರವನ್ನೂ ಸೇರಿಸಿ ಕಲಿಸಿದವರು. ಒಂದು ಕಡೆ ಮಾಂಸಖಂಡ, ಕೂಗಳತೆಯಲ್ಲಿ ಇನ್ನೊಂದು ಕಡೆ ಆಸನ. ಎರಡೂ ವಿರುದ್ಧ ಎಂದು ಅಯ್ಯರ್ ಅವರಿಗೆ ಅನಿಸಿರಲಿಲ್ಲ.

ಕೃಷ್ಣಮಾಚಾರ್ಯರು 1936ರಲ್ಲಿ ಶಿಷ್ಯರೊಂದಿಗೆ ಉತ್ತರ ಕರ್ನಾಟಕದ ಪ್ರವಾಸ ಕೈಗೊಂಡಾಗ ಧಾರವಾಡದ ಹೆಣ್ಣುಮಕ್ಕಳೂ ಆಸನ ಕಲಿಯಲು ಮುಂದೆ ಬಂದರು. ಅವರಿಗೆ ಕಲಿಸುವ ಕೆಲಸ ಬಿದ್ದದ್ದು ಗುಂಪಿನಲ್ಲಿ ಚಿಕ್ಕವನಾಗಿದ್ದ, ಹದಿನೆಂಟೂ ತುಂಬದ ಬೆಳ್ಳೂರಿನ ಹುಡುಗನ ಮೇಲೆ. ಆ ಹುಡುಗನೇ ಮುಂದೆ ಜಗತ್ತಿಗೆ ಪರಿಚಿತರಾದ ಬಿ.ಕೆ.ಎಸ್. ಅಯ್ಯಂಗಾರ್. ಮೈ ಬಗ್ಗದವರಿಗಾಗಿ ಅವರು ಹಗ್ಗ, ದಿಂಬು, ಮರದ ಇಟ್ಟಿಗೆಗಳನ್ನು ಬಳಕೆಗೆ ತಂದರು.

ಈಗ ಪಿಲಾಟಿಸ್‌ಗೆ ಬರೋಣ. ಇದು ವ್ಯಕ್ತಿಯೊಬ್ಬನ ಹೆಸರು. ಜೋಸೆಫ್ ಪಿಲಾಟಿಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ. ಬಾಲ್ಯದಲ್ಲಿ ಉಬ್ಬಸದಿಂದ ನರಳಿದವ. ಮೊದಲ ಮಹಾಯುದ್ಧ ಶುರುವಾದಾಗ ಇಂಗ್ಲೆಂಡಿನಲ್ಲಿದ್ದ ಕಾರಣ ಶತ್ರುದೇಶದ ಪ್ರಜೆಯೆಂದು ಬಂಧನ ಶಿಬಿರ ಸೇರಬೇಕಾಯಿತು. ಅಲ್ಲಿಯೇ ತನ್ನ ಪದ್ಧತಿಯನ್ನು ತಿದ್ದಿಕೊಂಡ. ಹಾಸಿಗೆ ಹಿಡಿದವರ ಮಂಚಕ್ಕೆ ಸ್ಪ್ರಿಂಗ್ ಕಟ್ಟಿ ಕೈಕಾಲು ಆಡಿಸುವಂತೆ ಮಾಡಿದ ಎಂಬ ಕತೆಯೂ ಉಂಟು. ಇಂದಿನ ಪಿಲಾಟಿಸ್ ಕೇಂದ್ರಗಳಲ್ಲಿ ಕಾಣುವ ‘ರಿಫಾರ್ಮರ್’ ಎಂಬ ಜಾರುಮಂಚ ಸ್ಪ್ರಿಂಗಿನ ಬಲದಿಂದಲೇ ನಡೆಯುತ್ತದೆ. 1926ರಲ್ಲಿ ನ್ಯೂಯಾರ್ಕ್ ಸೇರಿದ ಆತನ ಬಳಿಗೆ ಗಾಯಗೊಂಡ ನೃತ್ಯಪಟುಗಳು ಬರತೊಡಗಿದರು. ತನ್ನ ವಿದ್ಯೆಗೆ ಆತ ಇಟ್ಟ ಹೆಸರು ‘ಕಂಟ್ರಾಲಜಿ’, ಅಂದರೆ ಹಿಡಿತದ ಶಾಸ್ತ್ರ. 1945ರ ತನ್ನ ಪುಸ್ತಕದಲ್ಲಿ ಚಾಪೆಯ ಮೇಲೆ ಮಾಡುವ 34 ವ್ಯಾಯಾಮಗಳನ್ನು ವಿವರಿಸಿದ.

ಅಂದರೆ ಇಂದು ನಾವು ತರಗತಿಗಳಲ್ಲಿ ಕಾಣುವ ಬೆವರಿಳಿಸುವ ಆಸನಾಭ್ಯಾಸ ಮತ್ತು ಪಿಲಾಟಿಸ್ ಹೆಚ್ಚುಕಡಿಮೆ ಒಂದೇ ಕಾಲದ ಸಹೋದರರು. ಯೋಗದ ಬೇರು ಬಹಳ ಆಳದ್ದು, ಸಂದೇಹವಿಲ್ಲ. ಆದರೆ 15ನೇ ಶತಮಾನದ ‘ಹಠಯೋಗ ಪ್ರದೀಪಿಕೆ’ಯಲ್ಲಿ ವಿವರಿಸಿದ ಆಸನಗಳು 15 ಮಾತ್ರ, ಅವುಗಳಲ್ಲಿ ಹೆಚ್ಚಿನವು ಕುಳಿತು ಮಾಡುವಂಥವು.

ಹೋಲಿಕೆಗಳೂ ಕಡಿಮೆಯಿಲ್ಲ. ಪಿಲಾಟಿಸಿನ ‘ರೋಲ್ ಓವರ್’ ನೋಡಿದರೆ ಹಲಾಸನ ನೆನಪಾಗುತ್ತದೆ, ‘ಸ್ವಾನ್’ ನೋಡಿದರೆ ಭುಜಂಗಾಸನ, ‘ಟೀಸರ್’ ನೋಡಿದರೆ ನಾವಾಸನ. ವ್ಯತ್ಯಾಸವಿರುವುದು ಮಾಡುವ ರೀತಿಯಲ್ಲಿ. ಆಸನದಲ್ಲಿ ದೇಹವನ್ನು ಒಂದು ಸ್ಥಿತಿಗೆ ತಂದು ಅಲ್ಲಿಯೇ ನಿಲ್ಲಿಸಿ ಮೂಗಿನಿಂದ ಉಸಿರಾಡಲಾಗುತ್ತದೆ. ಪಿಲಾಟಿಸಿನಲ್ಲಿ ನಿಲ್ಲುವುದು ಕಡಿಮೆ, ಚಲನೆ ಹೆಚ್ಚು. ಉಸಿರನ್ನು ಸಾಮಾನ್ಯವಾಗಿ ಬಾಯಿಯಿಂದ ಬಿಡುತ್ತಾರೆ. ‘ಹಂಡ್ರೆಡ್’ ಎಂಬ ಮೊದಲ ವ್ಯಾಯಾಮವನ್ನೇ ನೋಡಿ. ಅಂಗಾತ ಮಲಗಿ ತಲೆ, ಕಾಲು ಎತ್ತಿ, ಚಾಚಿದ ಕೈಗಳನ್ನು ಮೇಲೆ ಕೆಳಗೆ ಆಡಿಸುತ್ತ 5 ಎಣಿಕೆಗೆ ಉಸಿರು ತೆಗೆದುಕೊಂಡು 5 ಎಣಿಕೆಗೆ ಬಿಡಬೇಕು. ಹೀಗೆ 10 ಸಲ ಮಾಡಿದರೆ ನೂರು. ನೋಡಲು ಸುಲಭ, ಹೊಸಬರ ಹೊಟ್ಟೆ ಮೂವತ್ತಕ್ಕೇ ನಡುಗುತ್ತದೆ. ಪ್ರಾಣಾಯಾಮ, ಶವಾಸನ, ಧ್ಯಾನ ಇವು ಪಿಲಾಟಿಸಿನಲ್ಲಿಲ್ಲ. ನಿದ್ದೆ ಬಾರದೆ ಒದ್ದಾಡುವವರಿಗೆ ಆ ಒಂದೇ ಕಾರಣಕ್ಕೆ ಯೋಗ ಹೆಚ್ಚು ಹಿಡಿಸಬಹುದು.

ಇಷ್ಟಕ್ಕೂ ಈ ಭಾಗಕ್ಕೆ ಅಂಗಸಾಧನೆ ಹೊಸದೇನಲ್ಲ. ಲಕ್ಷ್ಮೇಶ್ವರವನ್ನೂ ಒಳಗೊಂಡ ನಾಡನ್ನು 12ನೇ ಶತಮಾನದಲ್ಲಿ ಆಳಿದ ಕಲ್ಯಾಣ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಸಾಧನೆಯನ್ನು ವಿವರಿಸುವಾಗ ಕಂಬದ ಮೇಲಿನ ಕಸರತ್ತನ್ನೂ ಹೇಳಿದ್ದಾನೆ. ಇಂದಿನ ಮಲ್ಲಕಂಬಕ್ಕೆ ಅದೇ ಹಳೆಯ ಸಾಕ್ಷಿ. ಗರಡಿಮನೆಯಲ್ಲಿ ದಂಡ ಹೊಡೆಯುವ ಪೈಲ್ವಾನನ ಸೊಂಟ ಮೊದಲು ಮೇಲೇರಿ, ಆಮೇಲೆ ಎದೆ ನೆಲ ಸವರಿ ಮುಂದೆ ಏಳುತ್ತದೆಯಲ್ಲ, ಅಲ್ಲಿ ಅಧೋಮುಖ ಶ್ವಾನಾಸನವೂ ಇದೆ, ಊರ್ಧ್ವಮುಖ ಶ್ವಾನಾಸನವೂ ಇದೆ. ಆದ್ದರಿಂದ ದಂಡ, ಬಸ್ಕಿಗಳನ್ನು ನೂರುಗಟ್ಟಲೆ ಹೊಡೆಯುವವನಿಗೆ ಇನ್ನೂ ಹತ್ತು ಸುತ್ತು ಸೂರ್ಯನಮಸ್ಕಾರ ಮಾಡಿಸುವುದರಿಂದ ಹೊಸದೇನೂ ಸಿಗಲಾರದು. ಅವನಿಗೆ ಬೇಕಾದದ್ದು ನಿಧಾನದ ಆಸನ ಮತ್ತು ಉಸಿರಿನ ಬಿಡುವು.

ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ: ಈಗ ಮಾಡುತ್ತಿರುವುದರಲ್ಲಿ ಯಾವುದು ಬಿಟ್ಟುಹೋಗಿದೆ? ಗಂಟೆಗಟ್ಟಲೆ ಮುಂದೆ ಬಾಗಿ ಸೈಕಲ್ ತುಳಿಯುವವರ ತೊಡೆಸಂದಿನ ಸ್ನಾಯು ಬಿಗಿದಿರುತ್ತದೆ, ಬೆನ್ನು ಗೂನಾಗಿರುತ್ತದೆ. ಅವರಿಗೆ ಸೇತುಬಂಧ, ಶಲಭಾಸನದಂಥ ಹಿಂದಕ್ಕೆ ಬಾಗುವ ಆಸನಗಳು ಒಳ್ಳೆಯ ಜೋಡಿ. ಜಿಮ್‌ನಲ್ಲಿ ಎದೆ, ತೋಳುಗಳನ್ನಷ್ಟೇ ಬೆಳೆಸಿ ನಡುವನ್ನು ಮರೆತ ಹುಡುಗನಿಗೆ ಪಿಲಾಟಿಸ್ ಒಳ್ಳೆಯ ಪಾಠ ಕಲಿಸುತ್ತದೆ. ಬೆಟಗೇರಿಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಲಾಳಿ ಹಾಯಿಸುವ ನೇಕಾರರಿಗೂ ನಡುವಿನ ಸ್ನಾಯುಗಳ ಹಿಡಿತ ಬೇಕು. ನಡುನಡುವೆ ಎದ್ದು ನಾಲ್ಕು ಹೆಜ್ಜೆ ಹಾಕುವುದು ಅದಕ್ಕೂ ಮೊದಲು ಬೇಕು. ಮುಂಡರಗಿ, ಶಿರಹಟ್ಟಿಗಳ ಹೊಲದಲ್ಲಿ ಉಳ್ಳಾಗಡ್ಡಿಯ ಕಳೆ ತೆಗೆದು ಮನೆಗೆ ಬಂದ ಹೆಣ್ಣುಮಗಳಿಗೆ ‘ಪಶ್ಚಿಮೋತ್ತಾನಾಸನ ಮಾಡಮ್ಮಾ’ ಎನ್ನುವವರಿಗೆ ಏನು ಹೇಳೋಣ? ಆಕೆ ದಿನವೆಲ್ಲ ಬಗ್ಗಿಯೇ ಇದ್ದಾಳೆ.

ಸೊಂಟನೋವಿನ ಮಟ್ಟಿಗೆ ವೈದ್ಯಕೀಯ ಸಂಶೋಧನೆ ಯಾರ ಪಕ್ಷವನ್ನೂ ವಹಿಸಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2015ರಲ್ಲಿ ಪಿಲಾಟಿಸನ್ನೂ 2017 ಮತ್ತು 2022ರಲ್ಲಿ ಯೋಗವನ್ನೂ ಪರಿಶೀಲಿಸಿತು. ಏನೂ ಮಾಡದೆ ಇರುವುದಕ್ಕಿಂತ ಎರಡೂ ಮೇಲು. ಬೆನ್ನಿಗೆಂದೇ ಇರುವ ಇತರ ವ್ಯಾಯಾಮಗಳಿಗಿಂತ ಮೇಲೆನ್ನಲು ಸಾಕಷ್ಟು ಆಧಾರವಿಲ್ಲ. ಇನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಶ್ರಮ, ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಚಾಪೆಯ ಮೇಲೆ ಕುಳಿತೆವೆಂದು ನಡಿಗೆ ಬಿಡುವ ಹಾಗಿಲ್ಲ.

ಖರ್ಚಿನ ಮಾತೂ ಇದೆ. ರಿಫಾರ್ಮರ್ ಯಂತ್ರ ದುಬಾರಿ, ಅದನ್ನಿಟ್ಟ ಕೇಂದ್ರಗಳು ಹೆಚ್ಚಾಗಿ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿವೆ. ಆದರೆ ಪಿಲಾಟಿಸನ ಆ 34 ವ್ಯಾಯಾಮಗಳಿಗೆ ದಪ್ಪನೆಯ ಜಮಖಾನೆ ಸಾಕು. ಕಷ್ಟವಿರುವುದು ಗುರುವಿನದು. 2000ದಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ‘ಪಿಲಾಟಿಸ್’ ಯಾರ ಸ್ವತ್ತೂ ಅಲ್ಲದ ಸಾಮಾನ್ಯ ಪದವೆಂದು ತೀರ್ಪಿತ್ತಿತು. ಅಂದಿನಿಂದ ಯಾರು ಬೇಕಾದರೂ ಆ ಹೆಸರಿನ ಫಲಕ ಹಾಕಬಹುದು. ಯೋಗದ ಫಲಕಕ್ಕೂ ಅಡ್ಡಿಯಿಲ್ಲ. ಸೇರುವ ಮುನ್ನ ಎಲ್ಲಿ, ಎಷ್ಟು ದಿನ ಕಲಿತಿರಿ ಎಂದು ಕೇಳಿದರೆ ತಪ್ಪೇನಿಲ್ಲ. ಮೊದಲ ದಿನವೇ ನಿಮ್ಮ ಹಳೆಯ ನೋವು, ರಕ್ತದೊತ್ತಡಗಳನ್ನು ವಿಚಾರಿಸದೆ ಶೀರ್ಷಾಸನಕ್ಕೆ ಎಬ್ಬಿಸುವವರಿಂದ ದೂರವಿರುವುದು ಲೇಸು. ಕಣ್ಣಿನ ಒತ್ತಡದ ಕಾಯಿಲೆ ಇರುವವರು ತಲೆಕೆಳಗಾಗುವ ಆಸನಗಳನ್ನು ಮಾಡಬಾರದು. ಮೂಳೆ ಸವೆತವಿರುವ ವಯಸ್ಸಾದವರು ಬೆನ್ನು ಉಂಡೆ ಮಾಡಿ ಉರುಳುವ ಪಿಲಾಟಿಸ್ ವ್ಯಾಯಾಮಗಳನ್ನು ಬಿಡಬೇಕು. ನೋವು ಸೊಂಟದಿಂದ ಕಾಲಿಗಿಳಿದು ಪಾದ ಜುಮ್ಮೆನ್ನುತ್ತಿದ್ದರೆ ಯೋಗಶಾಲೆಗೂ ಮುನ್ನ ಮೂಳೆ ವೈದ್ಯರ ಬಳಿ ಹೋಗಬೇಕು.