ಮನೆಯ ಕಿಟ್ ‘ಹೌದು’ ಅಂತು, ಕ್ಲಿನಿಕ್ ‘ಇಲ್ಲ’ ಅಂತು: ಪ್ರೆಗ್ನೆನ್ಸಿ ಟೆಸ್ಟ್ ಯಾವತ್ತು ಮಾಡಬೇಕು, ಎಷ್ಟು ನಂಬಬೇಕು?

ಭಾನುವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಜೋಡಿಸಿ ಬರೆದಿದ್ದೀನಿ. ರೂಮ್‌ಮೇಟ್ಸ್ ಮುಂದೆ, ಅತ್ತೆ-ಮಾವನ ಮುಂದೆ ಸೌಂಡ್ ಹಾಕಿಕೊಂಡು ಕೇಳೋಕೆ ಮುಜುಗರ ಅನ್ನೋರು ಆರಾಮಾಗಿ ಓದಿಕೊಳ್ಳಿ. ಮೊದಲೇ ಹೇಳ್ತೀನಿ, ನಾನು ಡಾಕ್ಟರ್ ಅಲ್ಲ. ದಾವಣಗೆರೆಯಿಂದ ಬಂದು ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋಳು. ಈ ವಿಷಯ ಕಲಿತಿದ್ದು ಪೆಟ್ಟು ತಿಂದ ಮೇಲೆ.

ನಾಲ್ಕು ವರ್ಷದ ಹಿಂದಿನ ಮಾತು. ಸೋಮವಾರ ಪೀರಿಯಡ್ಸ್ ಆಗಬೇಕಿತ್ತು. ತಡೆಯೋಕಾಗದೆ ಭಾನುವಾರ ಬೆಳಿಗ್ಗೆಯೇ ಕಿಟ್ ಹಾಕಿದೆ. ಎರಡನೇ ಗೆರೆ ಬಂತು. ತೆಳು, ಆದರೆ ಗುಲಾಬಿ ಬಣ್ಣದ್ದೇ. ಹತ್ತು ನಿಮಿಷದಲ್ಲಿ ದಾವಣಗೆರೆಗೂ ರಾಣೆಬೆನ್ನೂರಿಗೂ ಫೋನ್ ಹೋಯ್ತು. ಶುಕ್ರವಾರ ರಾತ್ರಿ ಬ್ಲೀಡಿಂಗ್ ಶುರುವಾಯ್ತು. ಶನಿವಾರ ವಾಕಡ್‌ನ ಒಂದು ಕ್ಲಿನಿಕ್‌ಗೆ ಹೋದ್ವಿ. ಅಲ್ಲಿ ಯೂರಿನ್ ಟೆಸ್ಟ್ ಮಾಡಿ ‘ನೆಗೆಟಿವ್’ ಅಂದ್ರು.

ಅಮ್ಮ ಹೇಳಿದ್ಲು, “ಕಿಟ್ಟೇ ಸರಿ ಇರ್ಲಿಲ್ಲ ಬಿಡೇ, ಮೆಡಿಕಲ್ ಸ್ಟೋರಿಂದು ಏನ್ ನಂಬ್ತೀಯ.” ಅತ್ತೆ ಹೇಳಿದ್ರು, “ಆ ತಗ್ಗಿನ ದಾರ್ಯಾಗ ಗಾಡಿ ಹೊಡಿಬ್ಯಾಡವ್ವಾ ಅಂದಿದ್ದೆ.” ಇಬ್ಬರೂ ಪ್ರೀತಿಯಿಂದಲೇ ಹೇಳಿದ್ದು. ಆದರೆ ಒಬ್ಬರ ಮಾತಿನ ಪ್ರಕಾರ ನನಗೆ ಏನೂ ಆಗೇ ಇರಲಿಲ್ಲ, ಇನ್ನೊಬ್ಬರ ಪ್ರಕಾರ ಆಗಿದ್ದನ್ನ ನಾನೇ ಕಳೆದುಕೊಂಡಿದ್ದೆ. ಎರಡೂ ತಪ್ಪು ಅಂತ ಗೊತ್ತಾಗೋಕೆ ಇನ್ನೂ ಎರಡು ದಿನ ಬೇಕಾಯ್ತು.

ಕಿಟ್ ನಿಜವಾಗಿ ಏನು ನೋಡುತ್ತೆ?

‘ನೀವು ಗರ್ಭಿಣಿನಾ?’ ಅಂತ ಕಿಟ್ ನೋಡೋದಿಲ್ಲ. ‘ಈ ಹೊತ್ತಿನ ಮೂತ್ರದಲ್ಲಿ ಎಚ್‌ಸಿಜಿ ಅನ್ನೋ ಹಾರ್ಮೋನ್ ಇಷ್ಟಕ್ಕಿಂತ ಜಾಸ್ತಿ ಇದೆಯಾ?’ ಅಂತ ಮಾತ್ರ ನೋಡುತ್ತೆ. ನಮ್ಮ ಸರ್ವರ್ ಅಲರ್ಟ್ ಇದ್ದ ಹಾಗೆ. ಸಿಪಿಯು 80 ದಾಟಿದರೆ ಮೇಲ್ ಬರುತ್ತೆ, 79 ಇದ್ದಾಗ ಬರಲ್ಲ. ಹಾಗಂತ ಸರ್ವರ್ ಖಾಲಿ ಕೂತಿದೆ ಅಂತ ಅರ್ಥ ಅಲ್ಲ. ಸಾಮಾನ್ಯ ಕಿಟ್‌ಗಳ ಗಡಿ ಒಂದು ಮಿಲಿಲೀಟರ್‌ಗೆ 25 ಮಿಲಿ ಇಂಟರ್‌ನ್ಯಾಷನಲ್ ಯೂನಿಟ್ ಆಸುಪಾಸು. ಇನ್ನೂ ಸೂಕ್ಷ್ಮವಾದ ಕಿಟ್‌ಗಳೂ ಇವೆ.

ಒಳಗೆ ನಡೆಯೋದು ಸರಳ. ‘ಎಸ್’ ಗುಂಡಿಗೆ ಹಾಕಿದ ಹನಿ ಪಟ್ಟಿಯ ಮೇಲೆ ಹರಿಯುವಾಗ ಬಣ್ಣ ಕಟ್ಟಿದ ಆ್ಯಂಟಿಬಾಡಿಗಳನ್ನ ಜೊತೆಗೆ ಎಳ್ಕೊಂಡು ಹೋಗುತ್ತೆ. ಎಚ್‌ಸಿಜಿ ಇದ್ದರೆ ಅವು ‘ಟಿ’ ಗೆರೆಯಲ್ಲಿ ಸಿಕ್ಕಿಹಾಕಿಕೊಳ್ತವೆ. ಉಳಿದವು ‘ಸಿ’ ಗೆರೆಯಲ್ಲಿ ನಿಲ್ತವೆ. ‘ಸಿ’ ಬರಲಿಲ್ಲ ಅಂದ್ರೆ ಆ ಕಿಟ್ಟೇ ಕೆಟ್ಟಿದೆ, ಎಸೆಯಿರಿ. ‘ಟಿ’ ತೆಳುವಾಗಿದ್ದರೂ ಬಣ್ಣ ಇದ್ದು, ಹೇಳಿದ ಸಮಯದೊಳಗೆ ಬಂದಿದ್ದರೆ ಅದು ಪಾಸಿಟಿವ್ವೇ. ಅರ್ಧ ಗಂಟೆ ಬಿಟ್ಟು ಕಸದ ಬುಟ್ಟಿಯಿಂದ ಎತ್ತಿ ನೋಡಿದಾಗ ಕಾಣೋ ಬೂದು ಗೆರೆ ಒಣಗಿದ ಕಲೆ. ಅದನ್ನ ಲೆಕ್ಕಕ್ಕೆ ಹಿಡಿಯಬೇಡಿ.

ಈ ಆ್ಯಂಟಿಬಾಡಿ ಹಿಂದೆ ಒಂದು ಕಥೆ ಇದೆ. 1928ರ ಸುಮಾರಿಗೆ ಬರ್ಲಿನ್‌ನಲ್ಲಿ ಆಶ್‌ಹೈಮ್ ಮತ್ತು ಝೊಂಡೆಕ್ ಅನ್ನೋ ಇಬ್ಬರು ಹೆಂಗಸಿನ ಮೂತ್ರವನ್ನ ಇಲಿಮರಿಗಳಿಗೆ ಚುಚ್ಚಿ, ಆಮೇಲೆ ಅವನ್ನ ಕೊಯ್ದು ನೋಡಿ ಹೇಳ್ತಿದ್ದರು. ಆಮೇಲೆ ಕಪ್ಪೆಗಳು ಬಂದವು. ನಂತರ ಬಂದ ಆ್ಯಂಟಿಬಾಡಿ ಪರೀಕ್ಷೆಗಳಿಗೆ ಒಂದು ತೊಡಕಿತ್ತು. ಎಚ್‌ಸಿಜಿಯ ಅರ್ಧ ಭಾಗ ನಮ್ಮ ದೇಹದಲ್ಲಿ ಪ್ರತಿ ತಿಂಗಳೂ ಇರೋ ಎಲ್‌ಎಚ್ ಹಾರ್ಮೋನಿನ ಹಾಗೇ ಇರುತ್ತೆ, ಹಾಗಾಗಿ ಎರಡೂ ಕಲಸಿಹೋಗ್ತಿತ್ತು. 1972ರಲ್ಲಿ ಅಮೆರಿಕದ ವಿಜ್ಞಾನಿ ಜುಡಿತ್ ವೈಟುಕೈಟಿಸ್ ಮತ್ತು ಜೊತೆಗಾರರು ಎಚ್‌ಸಿಜಿಯದೇ ಆದ ‘ಬೀಟಾ’ ಭಾಗವನ್ನ ಹಿಡಿಯೋ ವಿಧಾನ ತೋರಿಸಿದರು. ಲ್ಯಾಬ್ ರಿಪೋರ್ಟಿನಲ್ಲಿ ‘ಬೀಟಾ ಎಚ್‌ಸಿಜಿ’ ಅಂತ ಇರೋದು ಇದಕ್ಕೇ.

ದಿನದ ಲೆಕ್ಕ

ಎಚ್‌ಸಿಜಿ ಶುರುವಾಗೋದು ಸೇರಿದ ದಿನದಿಂದ ಅಲ್ಲ. ಫಲಿತ ಅಂಡ ಗರ್ಭಕೋಶದ ಗೋಡೆಗೆ ಕಚ್ಚಿಕೊಂಡ ಮೇಲೆ. ಅಮೆರಿಕದ ಉತ್ತರ ಕ್ಯಾರೊಲೈನಾದಲ್ಲಿ ಅಲೆನ್ ವಿಲ್ಕಾಕ್ಸ್ ತಂಡ ಮಗು ಬೇಕು ಅಂತಿದ್ದ 221 ಹೆಂಗಸರ ಮೂತ್ರವನ್ನ ದಿನಾ ಸಂಗ್ರಹಿಸಿ ಅಧ್ಯಯನ ಮಾಡಿತ್ತು. ಮುಂದುವರಿದ ಗರ್ಭಗಳಲ್ಲಿ 84% ಕಚ್ಚಿಕೊಂಡಿದ್ದು ಅಂಡ ಬಿಡುಗಡೆಯಾದ 8, 9 ಅಥವಾ 10ನೇ ದಿನ. ಕೆಲವು ಇನ್ನೂ ತಡ. ಅದೇ ಅಧ್ಯಯನದ ಮೇಲೆ 2001ರಲ್ಲಿ ಬಂದ ಲೆಕ್ಕ ಇನ್ನೂ ಮುಖ್ಯ. ಮುಟ್ಟು ನಿಂತ ಮೊದಲ ದಿನ ಸುಮಾರು 10% ಗರ್ಭಗಳು ಇನ್ನೂ ಕಚ್ಚಿಕೊಂಡೇ ಇರಲ್ಲ. ಅಂದ್ರೆ ಪ್ರಪಂಚದ ಅತ್ಯುತ್ತಮ ಟೆಸ್ಟ್ ತಂದರೂ ಆ ದಿನ 90%ಗಿಂತ ಹೆಚ್ಚು ಹಿಡಿಯೋಕಾಗಲ್ಲ. ಒಂದು ವಾರ ಕಳೆದ ಮೇಲೆ ಅದು 97%ಗೆ ಏರುತ್ತೆ. ಡಬ್ಬಿಯ ಮೇಲಿನ ‘99%’ ನೋಡಿ ಮೊದಲ ದಿನವೇ ತೀರ್ಮಾನಕ್ಕೆ ಬರಬೇಡಿ. ಲ್ಯಾಬಿನಲ್ಲಿ ಹಾರ್ಮೋನ್ ಸಾಕಷ್ಟಿರೋ ಸ್ಯಾಂಪಲ್ ಮೇಲೆ ಕಿಟ್ ಸರಿಯಾಗಿ ಕೆಲಸ ಮಾಡೋದು ಬೇರೆ, ನಿಮ್ಮ ದೇಹದಲ್ಲಿ ಆ ದಿನ ಅಷ್ಟು ಹಾರ್ಮೋನ್ ಇರೋದು ಬೇರೆ.

ನಮ್ಮಂಥವರಿಗೆ ಇನ್ನೊಂದು ತೊಡಕಿದೆ, ಶಿಫ್ಟ್. ನಿದ್ದೆ ಏರುಪೇರಾದಾಗ, ಟೆನ್ಶನ್ ಇದ್ದಾಗ, ಪಿಸಿಓಎಸ್ ಇದ್ದಾಗ ಎಷ್ಟೋ ಜನರಿಗೆ ಅಂಡ ಬಿಡುಗಡೆಯೇ ತಡ ಆಗುತ್ತೆ. ಆಗ ಕ್ಯಾಲೆಂಡರ್ ಪ್ರಕಾರ ಐದು ದಿನ ತಡವಾಗಿದ್ದರೂ ದೇಹದ ಲೆಕ್ಕದಲ್ಲಿ ಇನ್ನೂ ಸಮಯವೇ ಆಗಿರಲ್ಲ. ನಮ್ಮ ಟೀಮಿನ ಕಲಬುರಗಿ ಹುಡುಗಿ ನೈಟ್ ಶಿಫ್ಟ್ ತಿಂಗಳಲ್ಲಿ ಡೇಟ್ ತಪ್ಪಿದ ದಿನವೇ ಟೆಸ್ಟ್ ಮಾಡಿ, ನೆಗೆಟಿವ್ ಅಂತ ಮರೆತೇಬಿಟ್ಟಿದ್ದಳು. ಒಂಬತ್ತು ದಿನ ಬಿಟ್ಟು ಮಾಡಿದಾಗ ಪಾಸಿಟಿವ್.

ಹಾಗಾಗಿ ನೆಗೆಟಿವ್ ಬಂದರೆ ಅದನ್ನ ‘ಇಲ್ಲ’ ಅಂತ ಓದಬೇಡಿ, ‘ಇವತ್ತಿನವರೆಗೆ ಕಂಡಿಲ್ಲ’ ಅಂತ ಓದಿ. ಮೂರು ದಿನ ಬಿಟ್ಟು, ಬೆಳಿಗ್ಗೆಯ ಮೊದಲ ಮೂತ್ರದಲ್ಲಿ ಮತ್ತೆ ನೋಡಿ. ರಾತ್ರಿ ಪಾಳಿಯವರಿಗೆ ‘ಬೆಳಿಗ್ಗೆ’ ಅಂದ್ರೆ ಉದ್ದ ನಿದ್ದೆ ಮುಗಿಸಿ ಎದ್ದ ಹೊತ್ತು. ಲೀಟರ್‌ಗಟ್ಟಲೆ ನೀರು ಕುಡಿದು ಮಾಡಬೇಡಿ, ಹಾರ್ಮೋನ್ ತೆಳುವಾಗುತ್ತೆ.

ಕ್ಲಿನಿಕ್‌ನಲ್ಲಿ ಬೇರೆ ಏನು ಸಿಗುತ್ತೆ?

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಕ್ಲಿನಿಕ್‌ನಲ್ಲಿ ಮಾಡೋ ಯೂರಿನ್ ಟೆಸ್ಟ್ ಸಾಮಾನ್ಯವಾಗಿ ನೀವು ಮನೆಯಲ್ಲಿ ಮಾಡಿದ ಥರದ ಪಟ್ಟಿಯೇ. ಮಾಡಿದವರು ಕೈಗೆ ಗ್ಲೌಸ್ ಹಾಕಿರ್ತಾರೆ, ಅಷ್ಟೇ. ನಿಜವಾಗಿ ಬೇರೆಯಾದದ್ದು ರಕ್ತದ ಬೀಟಾ ಎಚ್‌ಸಿಜಿ. ಅದು ‘ಹೌದು, ಇಲ್ಲ’ ಅನ್ನಲ್ಲ, ಸಂಖ್ಯೆ ಕೊಡುತ್ತೆ. 5ಕ್ಕಿಂತ ಕಡಿಮೆ ಇದ್ದರೆ ನೆಗೆಟಿವ್, 25 ದಾಟಿದರೆ ಪಾಸಿಟಿವ್, ನಡುವೆ ಇದ್ದರೆ ಮತ್ತೆ ನೋಡಬೇಕು. ಕಿಟ್‌ಗಿಂತ ಕೆಲವು ದಿನ ಮುಂಚೆ ಹಿಡಿಯುತ್ತೆ. ಆದರೆ ಅದೂ ಕಚ್ಚಿಕೊಳ್ಳೋದಕ್ಕೆ ಮುಂಚೆ ಏನೂ ಹೇಳಲಾರದು.

ಒಂದೇ ಸಂಖ್ಯೆ ಇಟ್ಟುಕೊಂಡು ಗೂಗಲ್ ಮಾಡಬೇಡಿ. ನಾಲ್ಕನೇ ವಾರದಲ್ಲಿ ಒಬ್ಬರಿಗೆ 50, ಇನ್ನೊಬ್ಬರಿಗೆ 400 ಇದ್ದರೂ ಇಬ್ಬರೂ ಚೆನ್ನಾಗೇ ಇರಬಹುದು. ಡಾಕ್ಟರ್ ನೋಡೋದು 48 ಗಂಟೆ ಬಿಟ್ಟು ಅದೇ ಲ್ಯಾಬಿನಲ್ಲಿ ಮಾಡಿಸಿದ ಎರಡನೇ ಸಂಖ್ಯೆಯನ್ನ. ಶುರುವಿನಲ್ಲಿ ಎರಡು ದಿನಕ್ಕೆ ಕನಿಷ್ಠ ಅರ್ಧದಷ್ಟಾದರೂ ಏರಬೇಕು, ಬಹಳ ಜನರಲ್ಲಿ ಎರಡು-ಮೂರು ದಿನಕ್ಕೆ ದುಪ್ಪಟ್ಟಾಗುತ್ತೆ. ಲ್ಯಾಬ್ ಬೇರೆಯಾದರೆ ಅಳತೆಯೂ ಸ್ವಲ್ಪ ಬೇರೆಯಾಗುತ್ತೆ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೋತಿದ್ದರೆ ಮೊದಲೇ ಹೇಳಿ, ಕೆಲವು ಲ್ಯಾಬ್ ವಿಧಾನಗಳಲ್ಲಿ ಅದು ಸಂಖ್ಯೆಯನ್ನ ಕೆಡಿಸುತ್ತೆ.

ಈಗ ನನ್ನ ಕಥೆಗೆ ಬರ್ತೀನಿ. ಶನಿವಾರದ ರಕ್ತದಲ್ಲಿ 18 ಇತ್ತು. ಸೋಮವಾರ 6. ರಿಪೋರ್ಟ್ ಫೋನಿಗೆ ಬಂದಾಗ ಸ್ಟ್ಯಾಂಡಪ್ ಕಾಲ್‌ನಲ್ಲಿದ್ದೆ, ಕ್ಯಾಮೆರಾ ಆಫ್ ಮಾಡಿದೆ. ಡಾಕ್ಟರ್ ಹೇಳಿದ್ದು ಇಷ್ಟು: “ಗರ್ಭ ನಿಂತಿತ್ತು, ಮುಂದುವರಿಯಲಿಲ್ಲ. ಭಾನುವಾರ ನಿಮ್ಮ ಕಿಟ್ ಹೇಳಿದ್ದೂ ನಿಜ, ಶನಿವಾರ ನಮ್ಮ ಪಟ್ಟಿ ಹೇಳಿದ್ದೂ ನಿಜ.” ಭಾನುವಾರ 25ರ ಮೇಲೆ, ಶನಿವಾರ 25ರ ಕೆಳಗೆ. ಎರಡೂ ಟೆಸ್ಟ್ ಪಾಸ್. ಬದಲಾಗಿದ್ದು ದಿನ.

ಇದಕ್ಕೆ ಕೆಮಿಕಲ್ ಪ್ರೆಗ್ನೆನ್ಸಿ ಅಂತಾರೆ. ಹೆಸರು ಕೇಳಿದರೆ ಏನೋ ನಕಲಿ ಅನ್ನಿಸುತ್ತೆ, ಆದರೆ ಆಗಿದ್ದು ನಿಜವಾದ ಗರ್ಭವೇ. ಆ ಉತ್ತರ ಕ್ಯಾರೊಲೈನಾ ಅಧ್ಯಯನದಲ್ಲೇ 22% ಗರ್ಭಗಳು ಗೊತ್ತಾಗೋ ಮುಂಚೆಯೇ ಹೀಗೆ ಮುಗಿದುಹೋಗಿದ್ದವು. ಐದರಲ್ಲಿ ಒಂದಕ್ಕಿಂತ ಹೆಚ್ಚು! ನಮ್ಮ ಅಜ್ಜಿಯರಿಗೆ ಇದು ‘ಈ ಸಲ ನಾಲ್ಕು ದಿನ ತಡ’ ಅಷ್ಟೇ ಆಗಿತ್ತು. ಕಿಟ್ ಬಂದ ಮೇಲೆ ನಮಗೆ ಕಾಣ್ತಿದೆ. ಬಹಳ ಸಲ ಇದಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್‌ಗಳಲ್ಲಾದ ಏರುಪೇರು. ಸ್ಕೂಟಿ ಅಲ್ಲ, ಹಿಂಜವಡಿ ರಸ್ತೆಯ ಗುಂಡಿ ಅಲ್ಲ, ಪಪ್ಪಾಯಿ ಹೋಳೂ ಅಲ್ಲ. ಈ ಮಾತನ್ನ ನಾನು ಅತ್ತೆಗೆ ಫೋನಿನಲ್ಲಿ ನಿಧಾನಕ್ಕೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೂ ಹಂಗ ಒಂದ್ ಸಲ ಆಗಿತ್ತವ್ವಾ” ಅಂದ್ರು.

ಕಾಯಬಾರದ ಸಂದರ್ಭ

ಇದುವರೆಗೂ ‘ಕಾಯಿರಿ’ ಅಂದೆ. ಈಗ ಉಲ್ಟಾ ಹೇಳ್ತೀನಿ. ಮುಟ್ಟು ತಡವಾಗಿದ್ದು, ಕೆಳಹೊಟ್ಟೆಯ ಒಂದು ಬದಿ ಜೋರಾಗಿ ನೋಯ್ತಿದ್ದರೆ, ಭುಜದ ತುದಿ ನೋಯ್ತಿದ್ದರೆ, ತಲೆ ಸುತ್ತಿ ಬೀಳೋ ಹಾಗಾದರೆ, ರಕ್ತ ಹೋಗ್ತಿದ್ದರೆ ಇನ್ನೊಂದು ಕಿಟ್ ಆರ್ಡರ್ ಮಾಡಿ ಕೂರಬೇಡಿ. ಗರ್ಭ ಟ್ಯೂಬಿನಲ್ಲಿ ನಿಂತಿರಬಹುದು, ಎಕ್ಟೋಪಿಕ್ ಅಂತಾರೆ. ನೂರು ಗರ್ಭಗಳಲ್ಲಿ ಒಂದೆರಡು ಹೀಗಾಗುತ್ತೆ. ಟ್ಯೂಬ್ ಒಡೆದರೆ ಪ್ರಾಣಕ್ಕೇ ಅಪಾಯ. ಇದರಲ್ಲಿ ಹಾರ್ಮೋನ್ ಕಡಿಮೆ ಇದ್ದು ಕಿಟ್ ಮಸುಕಾಗಿಯೂ ಬರಬಹುದು. ಪುಣೆಯಲ್ಲೂ 108 ಆಂಬುಲೆನ್ಸ್ ಇದೆ. ಸ್ಟೇಷನ್ ಹತ್ತಿರ ಸಸೂನ್, ಪಿಂಪರಿ ಕಡೆಯವರಿಗೆ ವೈಸಿಎಂ, ಎರಡೂ ಸರ್ಕಾರಿ ವ್ಯವಸ್ಥೆಯ ದೊಡ್ಡ ಆಸ್ಪತ್ರೆಗಳು.

ಗರ್ಭ ಬೇಡ ಅನ್ನೋರಿಗೂ ಇದು ಅನ್ವಯ. ಮೆಡಿಕಲ್‌ನಿಂದ ಮಾತ್ರೆ ತಂದು ನೀವೇ ನುಂಗಬೇಡಿ, ಟ್ಯೂಬಿನಲ್ಲಿರೋ ಗರ್ಭಕ್ಕೆ ಆ ಮಾತ್ರೆ ಕೆಲಸ ಮಾಡಲ್ಲ. 2021ರ ತಿದ್ದುಪಡಿ ಆದಮೇಲೆ 20 ವಾರದವರೆಗೆ ಒಬ್ಬ ಡಾಕ್ಟರ್ ಅಭಿಪ್ರಾಯ ಸಾಕು. 18 ತುಂಬಿದ ಹೆಂಗಸಿನ ಒಪ್ಪಿಗೆ ಮಾತ್ರ ಬೇಕು, ಗಂಡನ ಸಹಿ ಕಾನೂನು ಕೇಳಲ್ಲ. ವಿವರಗಳನ್ನ ಗುಟ್ಟಾಗಿಡೋದು ಡಾಕ್ಟರ್ ಜವಾಬ್ದಾರಿ.

ಸುಳ್ಳು ಪಾಸಿಟಿವ್ ಬಗ್ಗೆ ಒಂದು ಮಾತು. ಐವಿಎಫ್, ಐಯುಐ ಮಾಡಿಸ್ಕೊಳ್ಳೋರಿಗೆ ಕೊಡೋ ಟ್ರಿಗರ್ ಇಂಜೆಕ್ಷನ್ ಬಹಳ ಸಲ ಎಚ್‌ಸಿಜಿಯೇ ಆಗಿರುತ್ತೆ. ಹತ್ತು-ಹದಿನಾಲ್ಕು ದಿನದವರೆಗೆ ಕಿಟ್ ಅದನ್ನೇ ತೋರಿಸಬಹುದು. ಡಾಕ್ಟರ್ ಹೇಳಿದ ದಿನವೇ ಮಾಡಿಸಿ. ಇತ್ತೀಚೆಗೆ ಹೆರಿಗೆ ಅಥವಾ ಅಬಾರ್ಷನ್ ಆಗಿದ್ದರೂ ಹಾರ್ಮೋನ್ ಕೆಲವು ವಾರ ಉಳಿದಿರುತ್ತೆ.

ಪುಣೆಯ ಕ್ಲಿನಿಕ್‌ಗೆ ಹೋಗೋ ಮುಂಚೆ

ಮೊದಲ ಸಲ ಹೋದಾಗ ನರ್ಸ್ ಕೇಳಿದ್ರು, “ಶೇವಟಚಿ ಪಾಳಿ ಕಧೀ ಆಲಿ?” ನಾನು, “ನೈಟ್ ಶಿಫ್ಟ್ ಮುಗಿದು ಎರಡು ವಾರ ಆಯ್ತು” ಅಂತ ಹಿಂದಿಯಲ್ಲಿ ಹೇಳಿದೆ! ಮರಾಠಿಯಲ್ಲಿ ಪಾಳಿ ಅಂದ್ರೆ ಮುಟ್ಟು ಕೂಡ. ಕೊನೆಯ ಮುಟ್ಟು ಶುರುವಾದ ದಿನ ಯಾವುದು ಅಂತ ಅವರು ಕೇಳಿದ್ದು. ಆ ದಿನಾಂಕವನ್ನ ಫೋನಿನಲ್ಲಿ ಬರೆದಿಟ್ಟುಕೊಂಡು ಹೋಗಿ. ವಾರಗಳ ಲೆಕ್ಕ ಶುರುವಾಗೋದು ಅಲ್ಲಿಂದಲೇ. ನಾವು ಸ್ಕ್ಯಾನಿಂಗ್ ಅನ್ನೋದಕ್ಕೆ ಇಲ್ಲಿ ಸೋನೋಗ್ರಫಿ ಅಂತಾರೆ. ಗರ್ಭದ ಚೀಲ ಐದನೇ ವಾರದ ಹೊತ್ತಿಗೆ, ಹೃದಯ ಬಡಿತ ಆರನೇ ವಾರದ ಹೊತ್ತಿಗೆ ಕಾಣೋಕೆ ಶುರು. ಅದಕ್ಕೇ ತೊಂದರೆ ಏನೂ ಇಲ್ಲದಿದ್ದರೆ ಬೇಗ ಕರೆಯಲ್ಲ. ಆಧಾರ್ ತಗೊಂಡು ಹೋಗಿ. ಲಿಂಗ ಪತ್ತೆ ತಡೆಯೋ 1994ರ ಕಾನೂನಿನ ಪ್ರಕಾರ ‘ಫಾರ್ಮ್ ಎಫ್’ ತುಂಬಬೇಕು.

ಒಂದು ವರ್ಷ ಆದಮೇಲೆ ಮತ್ತೆ ಡೇಟ್ ತಪ್ಪಿತು. ಆ ಸಲ ಡ್ರಾಯರ್‌ನಲ್ಲಿ ಕಿಟ್ ಇದ್ದರೂ ಏಳು ದಿನ ಮುಟ್ಟಲಿಲ್ಲ. ಎಂಟನೇ ದಿನ ಒಂದೇ ನಿಮಿಷಕ್ಕೆ ಗಾಢ ಗೆರೆ. ಊರಿಗೆ ಫೋನ್ ಮಾಡಿದ್ದು ಏಳನೇ ವಾರದ ಸೋನೋಗ್ರಫಿ ಆದಮೇಲೆ. ಎಲ್ಲರೂ ಹಾಗೇ ಕಾಯಬೇಕು ಅಂತಲ್ಲ. ಬೇಗ ಹೇಳಿಕೊಂಡರೆ ದುಃಖದಲ್ಲಿ ಜೊತೆಗೆ ನಾಲ್ಕು ಜನ ಇರ್ತಾರೆ, ಅದೂ ದೊಡ್ಡದೇ. ಆದರೆ ಯಾವತ್ತು ಟೆಸ್ಟ್ ಮಾಡಿದ್ದು ಅನ್ನೋದನ್ನ ಡೇಟ್ ಸಮೇತ ಬರೆದಿಡಿ. ಕಿಟ್ ಹೇಳೋದು ಆ ಒಂದು ದಿನದ ಸತ್ಯ. ಅದು ಬದಲಾದರೆ ತಪ್ಪು ಕಿಟ್‌ನದ್ದಲ್ಲ, ನಿಮ್ಮದಂತೂ ಅಲ್ಲವೇ ಅಲ್ಲ.

ಮುಂದಿನ ಭಾನುವಾರ ಸಿಗೋಣ. ಈ ಬರಹವನ್ನ ಗಂಡಂದಿರಿಗೂ ಕಳಿಸಿ.