ಸಾಫ್ಟ್‌ವೇರ್ ಲೈಬ್ರರಿಯ ಕೈಪಿಡಿಯಲ್ಲಿ ದಾರಿ ಹುಡುಕುವ ಬಗೆ

ಉಪಭಾಷೆಗಳ ಸಂಕಿರಣದಲ್ಲಿ ಕಂಪ್ಯೂಟರ್ ಕೈಪಿಡಿಯ ಮಾತು ಯಾಕೆ ಅಂತ ವಿದ್ವಾಂಸರು ಕೇಳಬಹುದು. ನನ್ನದೇ ಪದಪಟ್ಟಿಯೊಂದು ತಪ್ಪಿದ್ದು ಅದಕ್ಕೆ ಕಾರಣ. ಕಾಸರಗೋಡು ಕಡೆಯ ಪದಗಳನ್ನು ಎಣಿಸುವಾಗ 'ತೋಡು' ಎಂಬ ಒಂದೇ ಪದ ಎರಡು ನಮೂದಾಗಿ ಬಂತು. ಬರೀ ಅಂಕಿ ನೋಡಿದ ನಾನು ಅವನ್ನು ಎರಡು ರೂಪಭೇದಗಳೆಂದೇ ಲೆಕ್ಕ ಹಿಡಿದುಬಿಟ್ಟೆ. ಯಾರೂ ಆಡದ ಭೇದವೊಂದು ಹೀಗೆ ಹುಟ್ಟಿತು.

ಯೂನಿಕೋಡ್‌ನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊಕಾರದ ಚಿಹ್ನೆ, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಫಾಂಟಿನಿಂದ ಪರಿವರ್ತಿಸಿದ ನನ್ನ ಕಡತದಲ್ಲಿ ಮೂರು ತುಂಡಿದ್ದವು, ಆಮೇಲೆ ಟೈಪು ಮಾಡಿದ್ದರಲ್ಲಿ ಒಂದೇ ಇತ್ತು. ಇವನ್ನು ಸಮಗೊಳಿಸುವ ಸಲಕರಣೆ ಪೈಥಾನ್ ಭಾಷೆಯ ಲೈಬ್ರರಿಯಲ್ಲಿ, ಅಂದರೆ ಮೊದಲೇ ಬರೆದಿಟ್ಟ ಪ್ರೋಗ್ರಾಮುಗಳ ಸಂಗ್ರಹದಲ್ಲಿ, ಇದ್ದೇ ಇದೆ. ಆದರೆ ಕೈಪಿಡಿಯಲ್ಲಿ ಅದು ಕೂತಿರುವುದು 'ಯೂನಿಕೋಡ್‌ಡೇಟಾ' ವಿಭಾಗದಲ್ಲಿ, 'ನಾರ್ಮಲೈಸ್' ಎಂಬ ಹೆಸರಿನಡಿ. ವಿವರಣೆ ಚೆನ್ನಾಗಿಯೇ ಇದೆ. ಉದಾಹರಣೆ ಮಾತ್ರ ಬಾಲವಿರುವ ರೋಮನ್ 'ಸಿ' ಅಕ್ಷರದ್ದು. ಹೆಸರು ಗೊತ್ತಿದ್ದವನಿಗೆ ಅರೆನಿಮಿಷದ ಕೆಲಸ.

ಗೊತ್ತಿಲ್ಲದವನು ತನ್ನ ತೊಂದರೆಯ ಮಾತಿನಲ್ಲೇ ಹುಡುಕುತ್ತಾನೆ. ಕಾಸರಗೋಡಿನವರು "ಒಂದೇ ಪದ ಎರಡೆರಡು ಸಲ ಬರ್ತಾ ಉಂಟು ಮಾರಾಯ್ರೆ" ಅಂದಾರು. ಸೊಲ್ಲಾಪುರದ ಕಡೆಯವರು "ಒಂದ ಶಬ್ದ ಎರಡ ಸಲ ಬರಾಕತ್ತದ" ಅಂದಾರು. 'ನಾರ್ಮಲೈಸ್' ಎಂಬ ಮಾತು ಇಬ್ಬರ ಬಾಯಿಗೂ ಬರುವುದಿಲ್ಲ.

ಈ ಕಷ್ಟ ನಮಗೆ ಹೊಸದಲ್ಲ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ (1961, ಎರಡನೆಯ ಆವೃತ್ತಿ 1984) ಜ್ಞಾತಿಪದಗಳ ಗುಂಪುಗಳಿಗೆ ಸಂಖ್ಯೆ ಕೊಟ್ಟಿದೆ, ತಮಿಳು ರೂಪವಿದ್ದರೆ ಅದೇ ಮೊದಲು. ಕನ್ನಡದವನು ದಾರಿ ತಪ್ಪದಿರುವುದು ಕೊನೆಯಲ್ಲಿರುವ ಭಾಷೆವಾರು ಪದಸೂಚಿಗಳಿಂದ. ಇಂಗ್ಲಿಷ್ ಅರ್ಥಗಳಿಗೂ ಬೇರೆ ಸೂಚಿಯಿದೆ. ಒಳಗಿನ ಜೋಡಣೆಯನ್ನು ಮುಟ್ಟದೆ ಹೊರಗಿನಿಂದ ಬಾಗಿಲುಗಳನ್ನು ಹೆಚ್ಚಿಸುವ ಈ ಕ್ರಮವೇ ಲೈಬ್ರರಿಗಳ ಕೈಪಿಡಿಗೂ ಬೇಕೆಂದು ನನ್ನ ಅಭಿಪ್ರಾಯ.

ಸಾಧನವಿಲ್ಲ ಅಂತಲ್ಲ. ಜಾರ್ಜ್ ಬ್ರಾಂಡ್ಲ್ 2008ರಲ್ಲಿ ಹೊರತಂದ ಸ್ಫಿಂಕ್ಸ್ ಎಂಬ ತಂತ್ರಾಂಶದಿಂದಲೇ ಪೈಥಾನಿನ ಕೈಪಿಡಿ ಸಿದ್ಧವಾಗುತ್ತದೆ. ಪದಸೂಚಿಯಲ್ಲಿ 'ಇದಕ್ಕೆ ಅದನ್ನು ನೋಡಿ' ಎಂಬ ನಮೂದು ಸೇರಿಸಲು ಅದರಲ್ಲಿ ಅವಕಾಶವುಂಟು. ಬೇಕಾದದ್ದು ಅಲ್ಲಿ ತುಂಬುವ ಮಾತುಗಳು. ಅವು ಲೈಬ್ರರಿ ಬರೆದವರ ತಲೆಯಲ್ಲಿ ಸಿಗುವುದಿಲ್ಲ. ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನನ್ನು ಯಾವ ಮಾತಿನಲ್ಲಿ ಹುಡುಕಿದರು, ಎಲ್ಲಿ ನಿಂತುಬಿಟ್ಟರು ಎಂದು ಬರೆದುಕೊಳ್ಳಬೇಕು. ಮಾತುಗಾರರನ್ನು ತಿದ್ದದೆ ಕೇಳುವುದು ನಮಗೆ ರೂಢಿಯಾದ ಕ್ಷೇತ್ರಕಾರ್ಯವೇ ತಾನೆ!

ಎರಡು ಬಾಗಿಲಿನ ಪ್ರಯೋಜನ ನಮ್ಮ ಅಕ್ಷರವೊಂದಕ್ಕೇ ದಕ್ಕಿದೆ. ಹಳಗನ್ನಡದ 'ೞ' ಧ್ವನಿ ತಮಿಳು, ಮಲಯಾಳಗಳಲ್ಲಿ ಇನ್ನೂ ಉಳಿದಿರುವುದರಿಂದ ಗಡಿಯಾಚೆಯ ಊರ ಹೆಸರುಗಳನ್ನು ದಾಖಲಿಸಲು ನಮಗೆ ಆ ಅಕ್ಷರ ಬೇಕಾಗುತ್ತದೆ. ಯೂನಿಕೋಡ್‌ನಲ್ಲಿ ಅದಕ್ಕೆ ತಪ್ಪಾಗಿ 'ಕನ್ನಡ ಲೆಟರ್ ಫಾ' ಎಂದು ಹೆಸರಿಟ್ಟರು. 1996ರ 2.0 ಆವೃತ್ತಿಯಿಂದೀಚೆಗೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬ ನಿಯಮವಿದೆ. ಆದ್ದರಿಂದ 'ಫಾ'ವನ್ನು ಹಾಗೆಯೇ ಬಿಟ್ಟು ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಿದರು. 2012ರಲ್ಲಿ ಬಂದ ಪೈಥಾನ್ 3.3ರಿಂದ ಯಾವ ಹೆಸರು ಕೊಟ್ಟರೂ ಅಕ್ಷರ ಸಿಗುತ್ತದೆ. ಅಕ್ಷರ ಕೊಟ್ಟು ಹೆಸರು ಕೇಳಿದರೆ ಮಾತ್ರ ಈಗಲೂ 'ಫಾ' ಅಂತಲೇ ಉತ್ತರ.