ಗಾಲಿಯ ನಡುತೂತೂ ತಾಳೆಯಾಗಲಿ

ರಜೆ ಬಂತೆಂದರೆ ಪೆರಂಬೂರು, ಅಯನಾವರಂ, ವಿಲ್ಲಿವಾಕ್ಕಂ ಕಡೆಯ ನಮ್ಮ ಕನ್ನಡ ಕುಟುಂಬಗಳಲ್ಲಿ ಹಲವು ಕಾರಿನಲ್ಲೇ ಊರಿಗೆ ಹೊರಡುತ್ತವೆ. ವೆಲ್ಲೂರು, ಕೃಷ್ಣಗಿರಿ, ಹೊಸೂರು ದಾಟಿ ಬೆಂಗಳೂರು ಸೇರಲು ಸುಮಾರು 350 ಕಿಲೋಮೀಟರ್. ಅದಕ್ಕೆ ಮುಂಚೆ ಕಾರಿಗೆ ಅಲಾಯ್ ವೀಲ್ ಹಾಕಿಸೋಣವೆಂದು ಮನೆಯ ಹುಡುಗರು ಹಟ ಹಿಡಿಯುತ್ತಾರೆ. ಹಳೆಯವು ಬೇಕಿದ್ದರೆ ಪುದುಪೇಟೆ, ಹೊಸವಕ್ಕೆ ಜನರಲ್ ಪ್ಯಾಟರ್ಸ್ ರಸ್ತೆ. ಬೋಲ್ಟಿನ ತೂತುಗಳು ಕೂಡಿದರೆ ಸಾಕು, ಬಿಗಿಸಿ ಕಳಿಸುವವರೂ ಉಂಟು. ಆದರೆ ನೋಡಲೇಬೇಕಾದ ಇನ್ನೊಂದು ಅಳತೆಯಿದೆ. ಅದು ಗಾಲಿಯ ನಟ್ಟನಡುವಿನ ತೂತು. ಮೆಕ್ಯಾನಿಕ್‌ಗಳ ಮಾತಿನಲ್ಲಿ ಸೆಂಟರ್ ಬೋರ್.

ಈ ತೂತಿನ ಬೆಲೆಯನ್ನು ಪೆರಂಬೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ರೈಲ್ವೆ ಕಾರ್ಯಾಗಾರಗಳ ಊರಿದು. 1955ರಿಂದ ಐ.ಸಿ.ಎಫ್. ಇಲ್ಲಿ ಬೋಗಿಗಳನ್ನು ಕಟ್ಟುತ್ತಿದೆ. ರೈಲು ಗಾಲಿಗೆ ನಟ್ಟೂ ಇಲ್ಲ, ಬೋಲ್ಟೂ ಇಲ್ಲ. ಗಾಲಿಯ ತೂತನ್ನು ಅಚ್ಚಿಗಿಂತ ಕೂದಲೆಳೆಯಷ್ಟು ಕಿರಿದಾಗಿ ಕೊರೆದು, ಭಾರಿ ಪ್ರೆಸ್ಸಿನಲ್ಲಿ ಒತ್ತಿ ಕೂಡಿಸುತ್ತಾರೆ. ನಮ್ಮ ಯಲಹಂಕದ ರೈಲು ಗಾಲಿ ಕಾರ್ಖಾನೆ 1984ರಿಂದ ಮಾಡುತ್ತಿರುವುದೂ ಇಂಥ ಗಾಲಿ, ಅಚ್ಚುಗಳನ್ನೇ. ಅಲ್ಲಿ ತೂತಿನ ಹಿಡಿತವೇ ಸರ್ವಸ್ವ.

ಕಾರಿನ ಲೆಕ್ಕ ಬೇರೆ. ಇಲ್ಲಿ ಗಾಲಿಯನ್ನು ಹಬ್ಬಿಗೆ ಒತ್ತಿ ಹಿಡಿಯುವುದು ನಟ್ಟುಗಳು. ಗಾಲಿ ನಡುವಿಗೆ ಸರಿಯಾಗಿ ಕೂರುವಂತೆ ಮಾಡುವುದು ಹಬ್ಬಿನ ಮುಂಚಾಚು. ಹ್ಯುಂಡೈ ಗ್ರ್ಯಾಂಡ್ ಐ10 ಮತ್ತು ಹಳೆಯ ಹೋಂಡಾ ಸಿಟಿ ಎರಡಕ್ಕೂ ನಾಲ್ಕೇ ಬೋಲ್ಟು, ಅವು ಕೂತಿರುವ ವೃತ್ತವೂ ಒಂದೇ, 100 ಮಿಲಿಮೀಟರ್. ಆದರೆ ನಡುತೂತು ಮೊದಲನೆಯದಕ್ಕೆ 54.1, ಎರಡನೆಯದಕ್ಕೆ 56.1. ಸಿಟಿಯ ಗಾಲಿ ಐ10ಗೆ ಏರುತ್ತದೆ, ಸುತ್ತಲೂ ಒಂದು ಮಿಲಿಮೀಟರ್ ಸಂದು ಉಳಿಯುತ್ತದೆ. ಐ10ರ ಗಾಲಿ ಸಿಟಿಗೆ ಏರುವುದೇ ಇಲ್ಲ. ಚೆಕ್ಕಿನಲ್ಲಿ ಅಂಕಿ ಸರಿಯಿದ್ದು ಅಕ್ಷರ ತಪ್ಪಿದರೆ ಬ್ಯಾಂಕಿನಲ್ಲಿ ಪಾಸು ಮಾಡುತ್ತೇವೆಯೇ? ಇದೂ ಹಾಗೆಯೇ.

ತೂತು ದೊಡ್ಡದಾದರೆ ಗಾಲಿ ಒಂದು ಪಕ್ಕಕ್ಕೆ ಸರಿದು ಕೂರುವ ಸಂಭವವಿದೆ. ಊರೊಳಗೆ ಏನೂ ತಿಳಿಯದು. ಹೆದ್ದಾರಿಯಲ್ಲಿ ವೇಗ 80 ದಾಟಿದಾಗ ಸ್ಟೀರಿಂಗ್ ನಡುಗುತ್ತದೆ. ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗದು, ಏಕೆಂದರೆ ಆ ಯಂತ್ರ ಗಾಲಿಯನ್ನು ನಡುತೂತಿನಿಂದಲೇ ನೇರವಾಗಿ ಹಿಡಿಯುತ್ತದೆ. ದೋಷ ಇರುವುದು ಗಾಲಿಯಲ್ಲಲ್ಲ, ಅದು ಕಾರಿನ ಮೇಲೆ ಕೂತ ಬಗೆಯಲ್ಲಿ.

ಪರಿಹಾರ ಸುಲಭ. ಅಂಗಡಿಯ ಎಷ್ಟೋ ಅಲಾಯ್‌ಗಳ ತೂತು ಬೇಕೆಂದೇ ದೊಡ್ಡದು, 73.1ರಂಥದು. ಹಲವು ಕಾರಿಗೆ ಆಗಲೆಂದು. ನಡುವಿನ ಸಂದಿಗೆ ಹಬ್ ರಿಂಗ್ ಎಂಬ ಬಳೆ ಹಾಕಬೇಕು. ಅದರ ಹೊರ ಅಳತೆ ಗಾಲಿಯದು, ಒಳ ಅಳತೆ ನಿಮ್ಮ ಕಾರಿನದು. ರಿಂಗು ಭಾರ ಹೊರುವುದಿಲ್ಲ, ನಡುವನ್ನು ಹಿಡಿದುಕೊಡುತ್ತದೆ ಅಷ್ಟೆ. ಆದ್ದರಿಂದ ನಟ್ಟಿನ ಬಿಗಿ ತಪ್ಪಬಾರದು. ಕಾರನ್ನು ಜಾಕಿನ ಮೇಲೆತ್ತಿ, ಎಲ್ಲ ನಟ್ಟುಗಳನ್ನೂ ಕೈಯಲ್ಲಿ ತಿರುಗಿಸಿ ಕೂರಿಸಿ, ಎದುರುಬದುರಾಗಿ ಬಿಗಿಸಬೇಕು. ಕೆಳಗಿಳಿಸಿದ ಮೇಲೆ ಕಂಪನಿ ಕೈಪಿಡಿಯ ಅಳತೆಗೆ ಟಾರ್ಕ್ ಸ್ಪ್ಯಾನರಿನಿಂದ ಕೊನೆಯ ಬಿಗಿ. ನೂರು ಕಿಲೋಮೀಟರ್ ಓಡಿಸುವುದರೊಳಗೆ ಇನ್ನೊಮ್ಮೆ ನೋಡಿಸಿ.

ತೂತು ಚಿಕ್ಕದಾದರೆ ಸುತ್ತಿಗೆಯಿಂದ ಬಡಿದು ಏರಿಸುವುದಾಗಲಿ, ಹಬ್ಬನ್ನು ಅರದಿಂದ ಉಜ್ಜುವುದಾಗಲಿ ಕೂಡದು. ಗಾಲಿ ಹಬ್ಬಿಗೆ ಪೂರ್ತಿ ಅಂಟಿ ಕೂರದಿದ್ದರೆ ನಟ್ಟು ಸಡಿಲವಾಗುತ್ತದೆ. ಗಾಲಿಯೇ ಕಳಚಿದರೆ ಹೋಗುವುದು ದುಡ್ಡಲ್ಲ, ಪ್ರಾಣ. ಅಂಥ ಗಾಲಿಯನ್ನು ಹಿಂದಿರುಗಿಸಿಬಿಡಿ.

ಕೊನೆಯದಾಗಿ ಸ್ಟೆಪ್ನಿಯ ಮಾತು. ಅದು ಸಾಮಾನ್ಯವಾಗಿ ಕಂಪನಿಯ ಕಬ್ಬಿಣದ ಗಾಲಿ, ಅದಕ್ಕೆ ರಿಂಗು ಬೇಡ. ರಿಂಗು ಹಬ್ಬಿಗೆ ಕಚ್ಚಿಕೊಂಡಿದ್ದರೆ ಸ್ಟೆಪ್ನಿ ಏರುವುದಿಲ್ಲ. ರಾತ್ರಿ ಹೊತ್ತು ಹೆದ್ದಾರಿ ಪಕ್ಕದಲ್ಲಿ ಹೆಂಡತಿ ಮಕ್ಕಳನ್ನು ನಿಲ್ಲಿಸಿಕೊಂಡು ಇದನ್ನು ಕಲಿಯುವುದು ಬೇಡ. ಅಲಾಯ್‌ನ ನಟ್ಟು ಸ್ಟೆಪ್ನಿಗೆ ಹೊಂದದೆಯೂ ಇರಬಹುದು, ಹಳೆಯ ನಟ್ಟುಗಳನ್ನು ಡಿಕ್ಕಿಯಲ್ಲಿಡಿ. ಪಂಕ್ಚರ್ ಹಾಕಿಸಿದಾಗ ರಿಂಗು ಮತ್ತೆ ಒಳಗೆ ಬಂತೇ ಎಂದು ಕಣ್ಣಾರೆ ನೋಡಿ.

ಹೊರಡುವ ಹಿಂದಿನ ಭಾನುವಾರ ಮನೆ ಬಾಗಿಲಲ್ಲೇ ಒಮ್ಮೆ ಸ್ಟೆಪ್ನಿ ಏರಿಸಿ ಇಳಿಸಿ ನೋಡಿ. ಅರ್ಧ ಗಂಟೆಯ ಕೆಲಸ.